ಧನುರ್ಮಾಸದ ಓಟ

ಅಮೆರಿಕದಲ್ಲಿ ಡುಲುತ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಬಹುಮಂದಿಯ ಮನಸ್ಸು ಉತ್ತರದ ಮಿನೆಸೋಟಾ ರಾಜ್ಯದತ್ತ ಹೋಗುತ್ತದೆ. ಸುಪೀರಿಯರ್ ಸರೋವರದ ದಡದ ಆ ಊರು ದೊಡ್ಡದು, ಹೆಸರಾದದ್ದು. ನಾನಿರುವುದು ಜಾರ್ಜಿಯಾ ರಾಜ್ಯದ ಡುಲುತ್‌ನಲ್ಲಿ. ಅಟ್ಲಾಂಟಾ ನಗರದ ಈಶಾನ್ಯಕ್ಕೆ ಸುಮಾರು 25 ಮೈಲಿ ದೂರದಲ್ಲಿರುವ ಈ ಊರಿಗೆ ಮೊದಲು ಹೋವೆಲ್ಸ್ ಕ್ರಾಸಿಂಗ್ ಎಂಬ ಹೆಸರಿತ್ತು. 1871ರಲ್ಲಿ ರೈಲು ಬಂದಾಗ ಆ ಉತ್ತರದ ಊರಿನ ಹೆಸರನ್ನೇ ಇದಕ್ಕೂ ಇಟ್ಟರು. ಹೀಗಾಗಿ ನಾನು ದೂರದ ಓಟಕ್ಕೆ ಸಿದ್ಧಳಾಗುತ್ತಿರುವ ಸಂಗತಿ ಹೊರರಾಜ್ಯಗಳ ಕನ್ನಡ ಬಂಧುಗಳಿಗೆ ತಿಳಿದಾಗ, "ಅಜ್ಜಿ ಮ್ಯಾರಥಾನಿಗೇನ್ರೀ?" ಎಂದು ಕೇಳಿದವರುಂಟು. ಮಿನೆಸೋಟಾದ ಡುಲುತ್‌ನಲ್ಲಿ 1977ರಲ್ಲಿ ಸುಮಾರು 150 ಮಂದಿಯೊಡನೆ ಆರಂಭವಾದ ಪ್ರಸಿದ್ಧ ಓಟದ ಹೆಸರೇ ಗ್ರ್ಯಾಂಡ್‌ಮಾಸ್ ಮ್ಯಾರಥಾನ್. ಹಾಗೆಂದು ಅದು ಅಜ್ಜಿಯರ ಓಟವೇನಲ್ಲ. ಮೊದಲ ವರ್ಷ ನೆರವಾದ ಅಲ್ಲಿನ ಹೋಟೆಲೊಂದರ ಹೆಸರು ಅದಕ್ಕೆ ಅಂಟಿಕೊಂಡಿದೆ. ನಾನಂತೂ ಇನ್ನೂ ಅಜ್ಜಿಯಾಗಿಲ್ಲ.

ಅವರ ಓಟ ಜೂನ್ ತಿಂಗಳಿನಲ್ಲಿ. ನಮ್ಮಲ್ಲಿ ಜೂನ್, ಜುಲೈಗಳ ಬಿಸಿಲು ಮತ್ತು ಬೆವರು ಮಂಗಳೂರಿನ ಮೇ ತಿಂಗಳನ್ನು ನೆನಪಿಗೆ ತರುತ್ತವೆ. ಜುಲೈ 4ರಂದು ನಡೆಯುವ ಅಟ್ಲಾಂಟಾದ ಪೀಚ್‌ಟ್ರೀ ಓಟ 1970ರಲ್ಲಿ 110 ಮಂದಿಯಿಂದ ಆರಂಭವಾಗಿ ಇಂದು ಹತ್ತಾರು ಸಾವಿರ ಜನರ ಜಾತ್ರೆಯಾಗಿ ಬೆಳೆದಿದ್ದರೂ ಅದರ ದೂರ 10 ಕಿಲೋಮೀಟರು ಮಾತ್ರ. ಅದಕ್ಕೂ ದೂರ ಓಡಬೇಕೆಂಬವರು 2007ರಲ್ಲಿ ಆರಂಭವಾದ ವಸಂತಕಾಲದ ಮ್ಯಾರಥಾನನ್ನು ಕಾಯುತ್ತಾರೆ. ಈಚಿನ ವರ್ಷಗಳಲ್ಲಿ ಅದು ಫೆಬ್ರವರಿಯ ಕೊನೆಗೋ ಮಾರ್ಚ್ ಮೊದಲಿಗೋ ಬೀಳುತ್ತದೆ. ಪೂರ್ಣ ಓಟ 26.2 ಮೈಲಿ, ಅರ್ಧ ಓಟ 13.1 ಮೈಲಿ. ಅಂದಮೇಲೆ ಸಿದ್ಧತೆಯೆಲ್ಲ ಚಳಿಗಾಲದಲ್ಲೇ ಆಗಬೇಕು. ನಾನು ಆರಿಸಿಕೊಂಡದ್ದು ಅರ್ಧ ಓಟ; 2025ರ ಮಾರ್ಚ್‌ನದು.

ತುಮಕೂರಿನಲ್ಲಿ ಬಿ.ಎ. ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಇಬ್ಬರು ಮಕ್ಕಳನ್ನು ಬೆಳೆಸಿದ ಗೃಹಿಣಿಗೆ ಐವತ್ತರ ಮೇಲೆ ಈ ಹುಚ್ಚೇಕೆ ಎಂದು ಓದುಗರು ಕೇಳಬಹುದು. ಕಾರಣ ಸರಳ. ನನ್ನ ತಾಯಿ ಸಕ್ಕರೆ ಕಾಯಿಲೆಯಿಂದ ಮೊದಲು ಕಾಲ್ಬೆರಳುಗಳನ್ನೂ ಅನಂತರ ಪಾದವನ್ನೂ ಕಳೆದುಕೊಂಡರು. ಕೊನೆಯ ನಾಲ್ಕು ವರ್ಷ ಅವರ ಪ್ರಪಂಚ ಹಾಸಿಗೆಯಿಂದ ನಡುಮನೆಯ ಕಿಟಕಿಯವರೆಗಿನದು. 2024ರ ಬೇಸಿಗೆಯ ರಕ್ತ ಪರೀಕ್ಷೆಯಲ್ಲಿ ನನ್ನ ಅಂಕಿ 6.2 ಎಂದು ಬಂತು. ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಇನ್ನೊಂದೇ ಹೆಜ್ಜೆ. ನಮ್ಮ ದಕ್ಷಿಣ ಏಷ್ಯಾದವರ ಮೈಕಟ್ಟಿನಲ್ಲಿ ಈ ರೋಗಕ್ಕೂ ಹೃದ್ರೋಗಕ್ಕೂ ಒಲವು ಹೆಚ್ಚೆಂಬುದು ವೈದ್ಯರು ಬಹುಕಾಲದಿಂದ ಬಲ್ಲ ಮಾತು. ಅದರ ಮೂಲವನ್ನು ಅರಿಯಲೆಂದೇ 2010ರಲ್ಲಿ ಷಿಕಾಗೋ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶಗಳಲ್ಲಿ 'ಮಸಾಲಾ' ಎಂಬ ಅಧ್ಯಯನ ಆರಂಭವಾಯಿತು. ಹೆಸರಿಟ್ಟವರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು. ಗುಳಿಗೆ ಆರಂಭಿಸುವ ಮೊದಲು ಆರು ತಿಂಗಳ ಅವಕಾಶ ಬೇಡಿದೆ. ವೈದ್ಯರು ಒಪ್ಪಿದರು.

ಅಟ್ಲಾಂಟಾದಲ್ಲಿ ಹೊಸದಾಗಿ ಓಡುವವರಿಗೆ ಒಂದು ಸುಕೃತವಿದೆ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ, ಮೊದಲ ಪೀಚ್‌ಟ್ರೀ ಓಟವನ್ನು ಗೆದ್ದ ಜೆಫ್ ಗ್ಯಾಲೋವೇ ಈ ಊರಿನವರಾಗಿ ಪ್ರಸಿದ್ಧರು. ಓಟವನ್ನೇ ಅರಿಯದವರಿಗೆ ಕಲಿಸಲು 1974ರಲ್ಲಿ ಅವರು ರೂಪಿಸಿದ ಕ್ರಮ ಬಹಳ ಸುಲಭ: ಸ್ವಲ್ಪ ಓಡು, ಸ್ವಲ್ಪ ನಡೆ, ಮತ್ತೆ ಓಡು. ಆಯಾಸವಾದ ಮೇಲೆ ನಡೆದರೆ ಪ್ರಯೋಜನವಿಲ್ಲ. ಆಯಾಸವಾಗುವ ಮುನ್ನವೇ, ಮೊದಲ ಮೈಲಿಯಿಂದಲೇ ನಡೆಯಬೇಕು. ಆಗ ಸ್ನಾಯುಗಳಿಗೆ ಚೇತರಿಸಿಕೊಳ್ಳಲು ಬಿಡುವು ಸಿಗುತ್ತದೆ, ಮಂಡಿಗಳ ಮೇಲಿನ ಭಾರ ಇಳಿಯುತ್ತದೆ. ನಾನು ಒಂದು ನಿಮಿಷ ಓಡಿ ಒಂದು ನಿಮಿಷ ನಡೆಯುವುದರಿಂದ ತೊಡಗಿ, ಸಂಕ್ರಾಂತಿಯ ಹೊತ್ತಿಗೆ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆಗೆ ಬಂದೆ. ವಾರದ ನಡುವೆ ಎರಡು ದಿನ ಅರ್ಧ ಗಂಟೆ. ಶನಿವಾರ ದೂರದ ಓಟ. ನವೆಂಬರ್‌ನಲ್ಲಿ 3 ಮೈಲಿ, ಆಮೇಲೆ ವಾರಕ್ಕೆ ಒಂದು ಮೈಲಿಗಿಂತ ಹೆಚ್ಚು ಏರಿಸದೆ, ನಡುನಡುವೆ ಒಂದು ವಾರ ಇಳಿಸಿ, ಓಟಕ್ಕೆ ಎರಡು ವಾರ ಮುಂಚೆ 12 ಮೈಲಿ.

ಈ ಅಭ್ಯಾಸದ ತಿರುಳು ನಮ್ಮ ಧನುರ್ಮಾಸಕ್ಕೆ ಸರಿಯಾಗಿ ಬೀಳುತ್ತದೆ. ನನ್ನಜ್ಜಿ ಆ ಒಂದು ತಿಂಗಳು ನಕ್ಷತ್ರಗಳಿರುವಾಗಲೇ ಎದ್ದು, ತಣ್ಣೀರು ಮಿಂದು, ನಡುಗುತ್ತ ದೇವಸ್ಥಾನಕ್ಕೆ ಹೋಗಿ, ಪ್ರದಕ್ಷಿಣೆ ಮುಗಿಸಿ ಹುಗ್ಗಿಯ ಪ್ರಸಾದದೊಡನೆ ಬೆಳಗಾಗುವಷ್ಟರಲ್ಲಿ ಮರಳುತ್ತಿದ್ದರು. ಪುಣ್ಯದ ಲೆಕ್ಕ ಅವರಿಗೇ ಗೊತ್ತು. ಆದರೆ ಒಂಬತ್ತು ಮಕ್ಕಳ ಸಂಸಾರದಲ್ಲಿ ಯಾರೂ ಕರೆಯದ, ಯಾರಿಗೂ ಬಡಿಸಬೇಕಿಲ್ಲದ ಒಂದೂವರೆ ಗಂಟೆ ಅವರಿಗೆ ದೊರೆಯುತ್ತಿದ್ದದ್ದು ಆಗ ಮಾತ್ರವೆಂದು ನನಗೆ ಹೊಳೆದದ್ದು ಡುಲುತ್‌ನ ಬೀದಿಯಲ್ಲಿ, ಐದೂವರೆಯ ಕತ್ತಲಿನಲ್ಲಿ. ಇಲ್ಲಿ ಜನವರಿಯ ಸೂರ್ಯ ಏಳೂಮುಕ್ಕಾಲರವರೆಗೂ ಮುಖ ತೋರಿಸುವುದಿಲ್ಲ. ಆದ್ದರಿಂದ ವಾರದ ದಿನಗಳಲ್ಲಿ ನಮ್ಮ ಬಡಾವಣೆಯೊಳಗೇ ಸುತ್ತು. ಶನಿವಾರ ಬೆಳಕು ಹರಿದ ಮೇಲೆ ಪಕ್ಕದ ಸುವಾನಿ ಊರಿನ ತೊರೆಯ ಗುಂಟ ಸಾಗುವ ಹಸಿರು ದಾರಿ. ಅಲ್ಲಿ ಎಲೆಯುದುರಿದ ಮರಗಳ ಕೆಳಗೆ ಕಾಣುವ ಕೆಂಪು ಮಣ್ಣು ತುಮಕೂರಿನದೇ.

ಉಡುಪಿನ ಬಗ್ಗೆ ಸೋದರಿಯರಿಗೆ ಎರಡು ಮಾತು. ದಪ್ಪ ಕೋಟೊಂದರ ಬದಲು ತೆಳುವಾದ ಎರಡು ಮೂರು ಪದರ ಮೇಲು. ಹತ್ತಿಯ ಬಟ್ಟೆ ಬೆವರು ಹೀರಿ ಮೈಗೆ ತಣ್ಣಗೆ ಅಂಟುವುದರಿಂದ ಬೇಡ. ಹೊರಟಾಗ ತುಸು ಚಳಿಯೆನಿಸಬೇಕು. ಬೆಚ್ಚಗಿದ್ದರೆ ಎರಡನೆಯ ಮೈಲಿಗೆ ಸೆಖೆಯಾಗುತ್ತದೆ. ಬೆರಳಿಗೆ ಕೈಗವುಸು, ಕಿವಿಗೆ ನಮ್ಮ ಯಜಮಾನರ ಹಳೆಯ ಮಂಕಿ ಕ್ಯಾಪು, ಹಣೆಗೊಂದು ದೀಪ, ಮೇಲೆ ಬೆಳಕಿಗೆ ಹೊಳೆಯುವ ಅಂಗಿ. ಈ ವೇಷದಲ್ಲಿ ನನ್ನನ್ನು ಕಂಡ ಗೆಳತಿಯೊಬ್ಬರು ಕನ್ನಡ ಕೂಟದ ನಾಟಕಕ್ಕೆ ತಾಲೀಮೇ ಎಂದರು. ಬಿಗಿಯಾದ ಕಾಲುಡುಪು ತೊಡಲು ನನಗೂ ಮೂರು ವಾರ ಸಂಕೋಚವಾಯಿತು. ಕತ್ತಲಿಗೆ ಆ ಗುಣವೂ ಉಂಟು; ಸಂಕೋಚ ಕಳೆಯುವವರೆಗೆ ಮುಚ್ಚಿಡುತ್ತದೆ.

ಹೆಂಗಸು ಇಷ್ಟು ದೂರ ಓಡಬಾರದೆಂದು ಲೋಕವೇ ನಂಬಿದ್ದ ಕಾಲ ಬಹಳ ಹಿಂದಿನದೇನಲ್ಲ. 1967ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಓಡುತ್ತಿರುವಾಗಲೇ ಅಧಿಕಾರಿಯೊಬ್ಬರು ಆಕೆಯನ್ನು ಎಳೆದು ಹೊರಹಾಕಲು ಯತ್ನಿಸಿದರು. ಅಲ್ಲಿ ಮಹಿಳೆಯರಿಗೆ ಅಧಿಕೃತ ಪ್ರವೇಶ ದೊರೆತದ್ದು 1972ರಲ್ಲಿ, ಅಂದರೆ ನಾನು ಹುಟ್ಟಿದ ವರ್ಷ. ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಸೇರಿದ್ದು 1984ರಲ್ಲಿ. ಅಷ್ಟರಲ್ಲಿ ನಾನು ಪ್ರೌಢಶಾಲೆಯ ಆಟದ ದಿನ ಲಿಂಬೆಹಣ್ಣು-ಚಮಚದ ಓಟದಲ್ಲಿ ಎರಡನೆಯ ಬಹುಮಾನ ಪಡೆಯುತ್ತಿದ್ದೆ.

ಡುಲುತ್‌ನಲ್ಲಿ ಕೊರಿಯಾದವರ ಸಂಖ್ಯೆ ದೊಡ್ಡದು. ನಮ್ಮ ಬೀದಿಯ ಕೊರಿಯನ್ ಹಿರಿಯರೊಬ್ಬರು ಬೆಳಿಗ್ಗೆ ನಾಯಿಯೊಡನೆ ಎದುರಾಗುತ್ತಿದ್ದರು. ತಿಂಗಳಾದ ಮೇಲೆ ಮೌನ ಮುರಿದು ಹೇಳಿದ್ದು 1996ರ ಅಟ್ಲಾಂಟಾ ಒಲಿಂಪಿಕ್ಸಿನ ಮಾತನ್ನು. ಆ ಮ್ಯಾರಥಾನಿನಲ್ಲಿ ದಕ್ಷಿಣ ಆಫ್ರಿಕದ ಜೋಸಿಯಾ ಥುಗ್ವಾನೆ 2 ಗಂಟೆ 12 ನಿಮಿಷ 36 ಸೆಕೆಂಡಿನಲ್ಲಿ ಗೆದ್ದರು. ಕೊರಿಯಾದ ಲೀ ಬಾಂಗ್-ಜು ಮೂರೇ ಸೆಕೆಂಡು ಹಿಂದೆ. "ಮೂರು" ಎಂದು ಬೆರಳು ತೋರಿಸಿ ಹಿರಿಯರು ತಲೆಯಾಡಿಸಿದರು, ನಿನ್ನೆ ನಡೆದಂತೆ. ಅಂದಿನಿಂದ ನಾನು ಹಾಯುವಾಗಲೆಲ್ಲ ಆ ಮೂರು ಬೆರಳೇ ನಮ್ಮ ನಮಸ್ಕಾರ.

ಊಟದ ವಿಷಯದಲ್ಲಿ ಅಂಗಡಿಯ ಸಿಹಿ ಅಂಟುಗಳಿಗೆ ನಾನು ಸೋತೆನೆಂದು ಹೇಳಲಾರೆ. ಸಂಕ್ರಾಂತಿಗೆ ಬೀರಿ ಉಳಿದ ಎಳ್ಳು-ಬೆಲ್ಲವನ್ನೇ ಪೊಟ್ಟಣ ಕಟ್ಟಿ ಜೇಬಿನಲ್ಲಿಟ್ಟೆ. ಬೆಲ್ಲ ತಕ್ಷಣದ ಶಕ್ತಿಗೆ. ಕಡಲೆಕಾಯಿ, ಕೊಬ್ಬರಿಗಳು ನಿಧಾನವಾಗಿ ಒದಗುತ್ತವೆ, ಹೆಚ್ಚಾದರೆ ಹೊಟ್ಟೆ ಭಾರ. ಓಡುವಾಗ ಒಂದೊಂದು ಚಿಟಿಕೆ ಸಾಕು. ಮನೆಗೆ ಬಂದೊಡನೆ ಉಪ್ಪು ಹಾಕಿದ ರಾಗಿ ಅಂಬಲಿ. ಇನ್ನು ಬೆಳಗಿನ ಕಾಫಿ? ಮದುವೆಯಾದ ಮೇಲೆ ಮೊದಲ ಬಾರಿಗೆ ನಮ್ಮ ಯಜಮಾನರು ಡಿಕಾಕ್ಷನ್ ತಾವೇ ಇಳಿಸಿಕೊಂಡರು. ಮೊದಲ ವಾರದ್ದು ಕುಡಿಯುವಂತಿರಲಿಲ್ಲ.

ಹಿಮ ಈ ಪ್ರದೇಶಕ್ಕೆ ಅಪರೂಪದ ಅತಿಥಿ, ಬಂದರೆ ಉಪದ್ರವವೇ. 2014ರ ಜನವರಿ 28ರಂದು ಎರಡು ಅಂಗುಲದಷ್ಟು ಹಿಮಕ್ಕೇ ನಗರ ಸ್ತಬ್ಧವಾಗಿ, ಜನ ರಾತ್ರಿಯೆಲ್ಲ ಹೆದ್ದಾರಿಯ ಕಾರುಗಳಲ್ಲಿ, ಮಕ್ಕಳು ಶಾಲೆಗಳಲ್ಲಿ ಕಳೆದದ್ದನ್ನು ಇಲ್ಲಿನವರು ಮರೆತಿಲ್ಲ. 2025ರ ಜನವರಿ 10ರಂದು, ವೈಕುಂಠ ಏಕಾದಶಿಯ ವಾರದಲ್ಲೇ, ಮತ್ತೆ ಬಿತ್ತು. ಹಗಲು ಕರಗಿದ್ದು ರಾತ್ರಿ ರಸ್ತೆಯ ಬಣ್ಣದ್ದೇ ಮಂಜುಗಡ್ಡೆಯಾಗಿ ಕಾಣದಂತೆ ಹರಡುತ್ತದೆ. ಈ ವಯಸ್ಸಿನ ಮೂಳೆ ಮುರಿದರೆ ಓಟವಿರಲಿ, ಒಲೆಯ ಮುಂದೆ ನಿಲ್ಲುವುದೂ ಕಷ್ಟ. ನಾಲ್ಕು ದಿನ ಮನೆಯ ಮೆಟ್ಟಿಲು ಹತ್ತಿಳಿದೆ. ರಥಸಪ್ತಮಿ ಬರುವಷ್ಟರಲ್ಲಿ ತಪ್ಪಿದ ಮೈಲಿಗಳು ಕೂಡಿಕೊಂಡವು.

ಮಾರ್ಚ್‌ನ ಆ ಬೆಳಗಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅಟ್ಲಾಂಟಾ ಏರಿಳಿತಗಳ ಊರು, ಮಂಡಿಗೆ ಅದು ಚೆನ್ನಾಗಿ ಗೊತ್ತಾಯಿತು. 3 ಗಂಟೆ 9 ನಿಮಿಷಕ್ಕೆ ಗೆರೆ ದಾಟಿದೆ. ಮುಂದಿನ ತಿಂಗಳ ಪರೀಕ್ಷೆಯಲ್ಲಿ ಅಂಕಿ 5.8. ಎಲ್ಲವೂ ಓಟದ ಪ್ರತಾಪವೆನ್ನಲಾರೆ, ಅನ್ನವನ್ನೂ ಅರ್ಧಕ್ಕಿಳಿಸಿದ್ದೆ. ಗುಳಿಗೆಯ ಮಾತನ್ನು ವೈದ್ಯರು ಮತ್ತಾರು ತಿಂಗಳಿಗೆ ಮುಂದೂಡಿದರು. ಆ ಕಾಗದವನ್ನು ದೇವರ ಗೂಡಿನಲ್ಲಿ, ಅಮ್ಮನ ಚಿತ್ರದ ಹಿಂದೆ ಇಟ್ಟಿದ್ದೇನೆ.

ಕೂಟದ ಯುಗಾದಿ ಊಟದಲ್ಲಿ ಇಬ್ಬರು ಗೆಳತಿಯರು ಬದಿಗೆ ಕರೆದು, ಬರುವ ನವೆಂಬರಿನಿಂದ ತಾವೂ ಸೇರುವುದಾಗಿ ಹೇಳಿದರು. ಒಬ್ಬರಿಗೆ ಮಂಡಿಯ ಚಿಂತೆ. ಅವರಿಗೆ ಮೊದಲ ತಿಂಗಳು ನಡಿಗೆ ಮಾತ್ರವೆಂದು ತೀರ್ಮಾನವಾಯಿತು. ಇನ್ನೊಬ್ಬರದು ಒಂದೇ ಷರತ್ತು: ವೈಕುಂಠ ಏಕಾದಶಿಯ ದಿನ ಓಟ ಇರಕೂಡದು, ಅಂದು ತಮಗೆ ಎಳ್ಳು-ಬೆಲ್ಲವೂ ಸಲ್ಲದು.