ಜಲಮಗ್ನ ವಿಮಾನಗಳ ಶೋಧನೆಯಲ್ಲಿ ಶಬ್ದತರಂಗಗಳ ಉಪಯೋಗ

ಯಲ್ಲಾಪುರ ತಾಲೂಕಿನ ಮಾಗೋಡಿನಲ್ಲಿ ಧುಮುಕುವ ಬೇಡ್ತಿಯೇ ಘಟ್ಟವಿಳಿದ ಮೇಲೆ ಗಂಗಾವಳಿಯೆಂಬ ಹೆಸರನ್ನು ತಳೆದು ಕಡಲನ್ನು ಸೇರುತ್ತದೆಯಷ್ಟೆ. 2024ನೆಯ ಇಸವಿಯ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಬದಿಯಲ್ಲಿದ್ದ ಲಾರಿಯೊಂದು ಚಾಲಕನ ಸಮೇತ ಈ ನದಿಯ ಪಾಲಾಯಿತು. ಅದನ್ನು ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು, ಅಂದರೆ 71 ದಿನಗಳ ಬಳಿಕ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ವಿದ್ಯಾರ್ಥಿಗಳಲ್ಲಿ ಆಗ ಸಹಜವಾಗಿಯೇ ಒಂದು ಪ್ರಶ್ನೆ ಎದ್ದಿತು: ಮಹಾಸಾಗರದ ತಳದಲ್ಲಿ ಬಿದ್ದ ವಿಮಾನದ ಪೆಟ್ಟಿಗೆಯನ್ನು ಕೆಲವೇ ವಾರಗಳಲ್ಲಿ ಹುಡುಕಿ ತೆಗೆಯಬಲ್ಲ ವಿದ್ಯೆಗೆ, ಈ ದಡದಲ್ಲಿ ನಿಂತರೆ ಆ ದಡ ಕಾಣುವ ನದಿಯೊಳಗಿನ ಲಾರಿ ಏಕೆ ದಕ್ಕಲಿಲ್ಲ? ಪ್ರಶ್ನೆ ಸಾಧುವಾದುದು. ಇದಕ್ಕೆ ಉತ್ತರ ಹೇಳಬೇಕಾದರೆ ನೀರಿನಲ್ಲಿ ಶಬ್ದವು ವರ್ತಿಸುವ ರೀತಿಯನ್ನು ಮೊದಲು ತಿಳಿಯಬೇಕು.

ಬೆಳಕು ಕಡಲಿನೊಳಗೆ ಬಹಳ ದೂರ ಸಾಗಲಾರದು. ರೇಡಿಯೋ ತರಂಗಗಳಂತೂ ಉಪ್ಪುನೀರಿನಲ್ಲಿ ಬಹುಬೇಗ ಅಡಗಿಹೋಗುತ್ತವೆ. ಆದುದರಿಂದ ನೆಲದ ಮೇಲೆ ಬಿದ್ದ ವಿಮಾನವನ್ನು ತೋರಿಸಿಕೊಡುವ ರೇಡಿಯೋ ಯಂತ್ರವು ಮುಳುಗಿದೊಡನೆ ಮೂಕವಾಗುತ್ತದೆ. ಶಬ್ದದ ಸಂಗತಿ ಇದಕ್ಕೆ ವಿಪರೀತವಾದುದು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವ ಶಬ್ದವು ಕಡಲ ನೀರಿನಲ್ಲಿ ಸುಮಾರು 1,500 ಮೀಟರ್ ಚಲಿಸುತ್ತದೆ, ಮತ್ತು ಬಹುದೂರ ಉಳಿಯುತ್ತದೆ. ಶೋಧಕರು ಇದನ್ನು ಬಳಸುವ ಬಗೆ ಎರಡು. ಒಂದು, ಮುಳುಗಿದ ವಸ್ತುವೇ ಕೂಗುವಂತೆ ಮಾಡಿ ಆ ಕೂಗನ್ನು ಆಲಿಸುವುದು. ಇನ್ನೊಂದು, ನಾವೇ ಕೂಗಿ ಅದರಿಂದ ಬರುವ ಮಾರ್ದನಿಯನ್ನು ಹಿಡಿಯುವುದು.

ಮೊದಲನೆಯದಕ್ಕಾಗಿ ವಿಮಾನದ ದಾಖಲೆಪೆಟ್ಟಿಗೆಗೆ ಒಂದು ಪುಟ್ಟ ಸ್ಥಾನಸೂಚಕವನ್ನು ಜೋಡಿಸಿರುತ್ತಾರೆ. ನೀರು ತಗುಲಿದೊಡನೆ ಅದು ತಾನಾಗಿ ಎಚ್ಚತ್ತು, ಸೆಕೆಂಡಿಗೊಮ್ಮೆಯಂತೆ ಒಂದೊಂದು ಮಿಡಿತವನ್ನು ಹೊರಡಿಸತೊಡಗುತ್ತದೆ. ಈ ಧ್ವನಿಯ ಕಂಪನಸಂಖ್ಯೆ ಸೆಕೆಂಡಿಗೆ 37,500. ನಮ್ಮ ಕಿವಿಗೆ 20,000ಕ್ಕೆ ಮೀರಿದ್ದು ಕೇಳಿಸದಾದ್ದರಿಂದ ಇದು ಯಂತ್ರದ ಕಿವಿಗೆ ಮಾತ್ರ ಗೋಚರ. ಹಡಗುಗಳ ಗದ್ದಲದಿಂದ ಬೇರೆಯಾಗಿ ತಿಳಿಯುವುದು ಇಷ್ಟು ತೀಕ್ಷ್ಣವಾದ ಧ್ವನಿಯ ಗುಣ. ನೀರು ಅದನ್ನು ಬೇಗ ಹೀರಿಕೊಳ್ಳುವುದು ದೋಷ. ಎರಡು ಮೂರು ಕಿಲೋಮೀಟರುಗಳ ಆಚೆ ಅದು ಸಾಮಾನ್ಯವಾಗಿ ಕ್ಷೀಣವಾಗುತ್ತದೆ. ಸಾಲದ್ದಕ್ಕೆ, ಬಿಸಿನೀರು ಮತ್ತು ತಣ್ಣೀರಿನ ಪದರುಗಳು ಸೇರುವಲ್ಲಿ ಶಬ್ದವು ಬಾಗುತ್ತದೆ. ಅದಕ್ಕಾಗಿಯೇ ಆಲಿಸುವ ಯಂತ್ರವನ್ನು ಉದ್ದವಾದ ಹಗ್ಗದಿಂದ ಆಳಕ್ಕೆ ಇಳಿಬಿಟ್ಟು ಹಡಗಿನ ಹಿಂದೆ ಎಳೆದುಕೊಂಡು ಹೋಗುವುದುಂಟು. ಧ್ವನಿ ಎಲ್ಲಿ ಬಲವಾಯಿತು, ಎಲ್ಲಿ ಕುಗ್ಗಿತು ಎಂಬುದನ್ನು ಹಲವು ದಿಕ್ಕುಗಳಿಂದ ಗುರುತಿಸಿದರೆ ರೇಖೆಗಳು ಒಂದೆಡೆ ಕೂಡುತ್ತವೆ.

1985ರ ಜೂನ್ 23ರಂದು ಐರ್ಲೆಂಡಿನ ನೈಋತ್ಯಕ್ಕೆ 329 ಜನರೊಡನೆ ಸಾಗರಕ್ಕೆ ಬಿದ್ದ ಏರ್ ಇಂಡಿಯಾದ ‘ಕನಿಷ್ಕ’ ವಿಮಾನದ ದಾಖಲೆಪೆಟ್ಟಿಗೆಗಳು ಸುಮಾರು 2,000 ಮೀಟರ್ ಆಳದಿಂದ ಮೂರು ವಾರ ತುಂಬುವ ಮೊದಲೇ ಮೇಲೆ ಬಂದದ್ದು ಈ ಕೂಗಿನ ಬಲದಿಂದ. 2015ರ ಜೂನ್ 8ರಂದು ಚೆನ್ನೈ ಕಡೆಯ ಸಮುದ್ರದಲ್ಲಿ ಮೂವರೊಡನೆ ಕಾಣೆಯಾದ ಕರಾವಳಿ ರಕ್ಷಣಾ ಪಡೆಯ ಡಾರ್ನಿಯರ್ ವಿಮಾನದ ಕ್ಷೀಣ ಮಿಡಿತವನ್ನು ‘ಸಿಂಧುಧ್ವಜ’ ಜಲಾಂತರ್ಗಾಮಿಯು ಬಿಟ್ಟುಬಿಟ್ಟು ಆಲಿಸಿತು. ಜುಲೈ 10ರಂದು ಸುಮಾರು 950 ಮೀಟರ್ ಆಳದಲ್ಲಿ ಪೆಟ್ಟಿಗೆ ಸಿಕ್ಕಿತು. ಈ ಸೂಚಕಗಳ ಬ್ಯಾಟರಿಗೆ ಆಗ ಗೊತ್ತುಮಾಡಿದ್ದ ಆಯುಸ್ಸು 30 ದಿನಗಳೆಂಬುದನ್ನು ನೆನೆದರೆ, ಶೋಧಕರು ಎಷ್ಟು ಅಂಚಿನಲ್ಲಿ ನಿಂತಿದ್ದರೆಂಬುದು ತಿಳಿಯುತ್ತದೆ. 2009ರಲ್ಲಿ ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ ವಿಮಾನಕ್ಕಾಗಿ ಎರಡು ವರ್ಷ ಹುಡುಕಬೇಕಾಗಿ ಬಂದ ಮೇಲೆ ಈ ಅವಧಿಯನ್ನು 90 ದಿನಗಳಿಗೆ ಏರಿಸುವ ನಿಯಮ ಬಂತು.

ಕೂಗನ್ನು ನಂಬುವುದರಲ್ಲಿಯೂ ವಿವೇಚನೆ ಬೇಕು. 2014ರ ಮಾರ್ಚ್ 8ರಂದು ಕಾಣೆಯಾದ ಮಲೇಶಿಯಾದ ವಿಮಾನವನ್ನು ಹುಡುಕುತ್ತಿದ್ದ ಹಡಗೊಂದಕ್ಕೆ ಏಪ್ರಿಲ್‌ನಲ್ಲಿ ಮಿಡಿತಗಳು ಕೇಳಿಸಿದವು. ಆದರೆ ಅವುಗಳ ಕಂಪನಸಂಖ್ಯೆ 33,000ದ ಆಸುಪಾಸಿನದು, 37,500 ಅಲ್ಲ. ಆ ತಳವನ್ನೆಲ್ಲ ಜಾಲಾಡಿದರೂ ವಿಮಾನದ ಕುರುಹು ಕಾಣಲಿಲ್ಲ. ಲಿಪಿ ಹೊಂದದ ಶಾಸನವನ್ನು ಹಿಡಿದು ಕಾಲನಿರ್ಣಯಕ್ಕೆ ಹೊರಡುವವರು ನಮ್ಮಲ್ಲಿಯೂ ಇಲ್ಲದಿಲ್ಲ.

ಕೂಗು ನಿಂತ ಮೇಲೆ, ಅಥವಾ ಕೂಗುವ ಸಾಧನವೇ ಇಲ್ಲದಿದ್ದಾಗ, ಉಳಿಯುವುದು ಮಾರ್ದನಿ. ಇದರ ಯಂತ್ರಕ್ಕೆ ಸೋನಾರ್ ಎಂದು ಹೆಸರು. ಯಂತ್ರವು ಹೊರಡಿಸಿದ ಶಬ್ದವು ತಳಕ್ಕೆ ತಾಗಿ 0.04 ಸೆಕೆಂಡಿನಲ್ಲಿ ಮರಳಿತೆನ್ನೋಣ. ವೇಗವನ್ನು ಕಾಲದಿಂದ ಗುಣಿಸಿ, ಹೋಗಿಬಂದ ದಾರಿಯಾದ್ದರಿಂದ ಅರ್ಧಮಾಡಿದರೆ ಆಳ 30 ಮೀಟರ್. ಇಂತಹ ಅಸಂಖ್ಯ ಅಳತೆಗಳನ್ನು ಸಾಲಾಗಿ ಜೋಡಿಸಿದಾಗ ತಳದ ಚಿತ್ರವೇ ಮೂಡುತ್ತದೆ. ಎದ್ದುನಿಂತ ವಸ್ತುವಿನ ಹಿಂದೆ ಶಬ್ದ ತಲುಪದ ಜಾಗವು ನೆರಳಿನಂತೆ ಬೀಳುತ್ತದೆ. 2015ರ ಮಾರ್ಚ್ 24ರ ರಾತ್ರಿ ಗೋವೆಯ ಕಡಲಿನಲ್ಲಿ ಬಿದ್ದ ನೌಕಾಪಡೆಯ ಡಾರ್ನಿಯರ್ ವಿಮಾನವನ್ನು ಸಮೀಕ್ಷಾ ನೌಕೆ ‘ಮಕರ’ವು ಎರಡೇ ದಿನಗಳಲ್ಲಿ ಪತ್ತೆಮಾಡಿತು. ಅಲ್ಲಿ ಕಡಲು ಆಳವಲ್ಲ. ಮೇಲಾಗಿ ಒಬ್ಬ ವೈಮಾನಿಕನನ್ನು ಮೀನುಗಾರರ ದೋಣಿಯೊಂದು ಅಂದೇ ಎತ್ತಿಕೊಂಡದ್ದರಿಂದ ಹುಡುಕಬೇಕಾದ ಎಡೆಯೂ ತಿಳಿದಿತ್ತು. ಎಡೆ ತಿಳಿಯದಿದ್ದರೆ ಏನಾಗುವುದೆಂಬುದಕ್ಕೆ 2016ರ ಜುಲೈ 22ರಂದು 29 ಜನರೊಡನೆ ಬಂಗಾಳ ಕೊಲ್ಲಿಯಲ್ಲಿ ಕಣ್ಮರೆಯಾದ ವಾಯುಪಡೆಯ ಎಎನ್-32 ವಿಮಾನವೇ ಸಾಕ್ಷಿ. ಅದರ ಅವಶೇಷಗಳ ಗುರುತು ಹತ್ತಿದ್ದು 2024ರ ಜನವರಿಯಲ್ಲಿ, ಸುಮಾರು 3,400 ಮೀಟರ್ ಆಳದಲ್ಲಿ.

ಗಂಗಾವಳಿಯ ಲಾರಿಗೆ ಕೂಗುವ ಸಾಧನವಿರಲಿಲ್ಲ. ಮಾರ್ದನಿಯೊಂದೇ ಗತಿ, ಮಾರ್ದನಿಯಾದರೋ ‘ಇಲ್ಲಿ ಏನೋ ಇದೆ’ ಎನ್ನಬಲ್ಲದೇ ಹೊರತು ಅದು ಏನೆಂದು ಹೇಳಲಾರದು. ಗುಡ್ನಾಪುರದ ಕಂಬದ ಶಾಸನಕ್ಕೂ ಬನವಾಸಿಯ ಸುತ್ತಿನ ಮಣ್ಣಿನ ದಿಬ್ಬಗಳಿಗೂ ಇರುವ ಅಂತರ ಇಂತಹುದೇ: ಒಂದು ತನ್ನ ಹೆಸರನ್ನು ತಾನೇ ಹೇಳುತ್ತದೆ, ಇನ್ನೊಂದನ್ನು ಅಗೆದೇ ನೋಡಬೇಕು. ಜುಲೈ ತಿಂಗಳಿನಲ್ಲಿಯೇ ಸೋನಾರ್ ಮತ್ತು ರಾಡಾರ್‌ಗಳು ನದಿಯೊಳಗೆ ಕೆಲವು ಎಡೆಗಳನ್ನು ತೋರಿಸಿದ್ದವು. ಆದರೆ ಕುಸಿದ ಗುಡ್ಡದ ಮಣ್ಣು, ಬಂಡೆಗಳು, ಮರಗಳು ತಳದಲ್ಲಿ ರಾಶಿಬಿದ್ದಿದ್ದವು. ಹೂಳಿನೊಳಗೆ ಶಬ್ದವು ಚೆದರಿ ಮಂಕಾಗುತ್ತದೆ. ತೋರಿದ ಎಡೆಯನ್ನು ಮುಟ್ಟಿ ನೋಡೋಣವೆಂದರೆ, ಘಟ್ಟದ ಮಳೆಯನ್ನೆಲ್ಲ ಹೊತ್ತು ಬರುತ್ತಿದ್ದ ನೀರಿನ ಸೆಳೆತದಲ್ಲಿ ನೌಕಾಪಡೆಯ ಮುಳುಗುಗಾರರೂ ನಿಲ್ಲಲಾರದೆ ಹೋದರು. ಕೊನೆಗೆ ಮಳೆ ಇಳಿದ ಮೇಲೆ ಗೋವೆಯಿಂದ ಹೂಳೆತ್ತುವ ಹಡಗನ್ನು ತರಿಸಿ, ಮಣ್ಣು ತೆಗೆದು, ಮುಳುಗುಗಾರರನ್ನು ಇಳಿಸಿದಾಗಲೇ ಲಾರಿಯೂ ಅದರೊಳಗಿದ್ದ ಚಾಲಕನ ದೇಹಾವಶೇಷವೂ ದೊರೆತವು.