ಕಾಡು ಉಳ್ಳಾಗಡ್ಡಿ ಮತ್ತು ಕಡಲ ಬಳಚು

ಮಾದನಹಿಪ್ಪರಗಾದಂತಹ ಒಣಬೇಸಾಯದ ಸೀಮೆಗಳ ರೈತರಿಗೆ ಬೀಳುನೆಲದ ಕಾಡು ಉಳ್ಳಾಗಡ್ಡಿಯ ಗುಣ ತಿಳಿದಿರುವುದು ಅವಶ್ಯ. ಇದನ್ನು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ದೊರೆಯುವ ಬಳಚು ಎಂಬ ಚಿಪ್ಪುಜೀವಿಯೊಡನೆ ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಒಂದು ಸಸ್ಯ, ಇನ್ನೊಂದು ಪ್ರಾಣಿ. ಎರಡೂ ನೆಲದಲ್ಲಿ ಹುದುಗಿ ಬಾಳುತ್ತವೆ. ಶತ್ರು ಬಂದರೆ ಓಡಲಾರವು. ಎರಡಕ್ಕೂ ರಕ್ಷಣೆ ಕೊಡುವುದು ಸುಣ್ಣದ ಅಂಶವಾದ ಕ್ಯಾಲ್ಸಿಯಂ.

ಬಳಚು ನೀರಿನಲ್ಲಿ ಕರಗಿದ ಕ್ಯಾಲ್ಸಿಯಂನಿಂದ ಎರಡು ಗಟ್ಟಿ ಚಿಪ್ಪುಗಳನ್ನು ಕಟ್ಟಿಕೊಳ್ಳುತ್ತದೆ. ರಕ್ಷಣೆ ಹೊರಗಿದೆ, ಒಳಗಿನ ಮಾಂಸ ಕರಾವಳಿಯ ಜನರಿಗೆ ಆಹಾರ. ಚಿಪ್ಪನ್ನು ಸುಟ್ಟರೆ ಸುಣ್ಣ ದೊರೆಯುತ್ತದೆ.

ಕಾಡು ಉಳ್ಳಾಗಡ್ಡಿಗೆ ಚಿಪ್ಪಿಲ್ಲ, ರಕ್ಷಣೆಯೆಲ್ಲ ಒಳಗೇ ಇದೆ. ಬೇರು ಹೀರಿದ ಕ್ಯಾಲ್ಸಿಯಂ ಗಡ್ಡೆಯ ಪದರಗಳಲ್ಲಿ ಆಕ್ಸಲೇಟಿನ ಸೂಕ್ಷ್ಮ ಸೂಜಿಗಳಾಗಿ ನಿಲ್ಲುತ್ತದೆ. ರಸ ತಗುಲಿದರೆ ತುರಿಕೆ ಏಳುವುದು ಇದರಿಂದಲೇ. ಇದಲ್ಲದೆ ಹೃದಯದ ಬಡಿತವನ್ನು ಕೆಡಿಸುವ ವಿಷವೂ ಗಡ್ಡೆಯಲ್ಲಿದೆ.

ಗುರುತಿಸುವ ಬಗೆ: ಬೇಸಿಗೆಯಲ್ಲಿ ಎಲೆಯಿಲ್ಲದೆ ಉದ್ದನೆಯ ಹೂಕಡ್ಡಿ ಏಳುತ್ತದೆ, ಎಲೆ ಬರುವುದು ಮಳೆಯ ನಂತರ. ಹೂಗಳು ಕಡ್ಡಿಯುದ್ದಕ್ಕೂ ಬಿಡಿಬಿಡಿಯಾಗಿರುತ್ತವೆ, ಉಳ್ಳಾಗಡ್ಡಿಯಂತೆ ತುದಿಯಲ್ಲಿ ಚೆಂಡಾಗಿರುವುದಿಲ್ಲ. ಉಳ್ಳಾಗಡ್ಡಿಯ ವಾಸನೆಯೂ ಇರುವುದಿಲ್ಲ.

ರೈತರು ಗಮನಿಸಬೇಕಾದ ಅಂಶಗಳು:

1. ಈ ಗಡ್ಡೆಯನ್ನು ತಿನ್ನಬಾರದು. ಬೇಯಿಸಿದರೆ ವಿಷ ಹೋಗುವುದೆಂದು ನಂಬಬಾರದು.
2. ಉಳುವಾಗ ಮೇಲೆದ್ದ ಗಡ್ಡೆಗಳನ್ನು ದನಕರು, ಮಕ್ಕಳಿಗೆ ಸಿಗದಂತೆ ಆಳವಾಗಿ ಹೂಳಬೇಕು. ಬರಿಗೈಯಿಂದ ಮುಟ್ಟಬಾರದು.
3. ಮನೆಮದ್ದೆಂದು ಸ್ವಂತವಾಗಿ ಬಳಸಬಾರದು.
4. ಯಾರಾದರೂ ತಿಂದಿದ್ದರೆ ವಾಂತಿ, ತಲೆಸುತ್ತು ಕಾಣುವವರೆಗೆ ಕಾಯದೆ ಗಡ್ಡೆಯ ತುಂಡಿನೊಡನೆ ಆಸ್ಪತ್ರೆಗೆ ಕರೆದೊಯ್ಯಬೇಕು. ದನ ತಿಂದಿದ್ದರೆ ಪಶುವೈದ್ಯರನ್ನು ಕೂಡಲೇ ಕಾಣಬೇಕು.