ಹೋಮ್ ಸಾಕೇ, ಪ್ರೊ ಬೇಕೇ?

ಮೈಸೂರಿನಲ್ಲಿ ಹೊಸ ಕಂಪ್ಯೂಟರ್ ಕೊಳ್ಳಲು ಹೊರಟಿರುವ ವೀಕ್ಷಕರೇ, ವಿಂಡೋಸ್ 11ರಲ್ಲಿ ಹೋಮ್, ಪ್ರೊ ಎಂಬ ಎರಡು ಆವೃತ್ತಿಗಳು ನಿಮ್ಮ ಮುಂದೆ ಬರುತ್ತವೆ. ಬೆಲೆ ಹೆಚ್ಚಾದ ಪ್ರೊ ಹಾಕಿಸಿದರೆ ಯಂತ್ರದ ವೇಗ ಹೆಚ್ಚುವುದಿಲ್ಲ. ವ್ಯತ್ಯಾಸವಿರುವುದು ಸೌಲಭ್ಯಗಳಲ್ಲಿ.

ಮಾನಸಗಂಗೋತ್ರಿಯ ವಿದ್ಯಾರ್ಥಿಗೆ, ಮನೆಯಲ್ಲಿ ಪತ್ರ, ಲೆಕ್ಕ ಬರೆಯುವವರಿಗೆ ಹೋಮ್ ಸಾಕು. ಅನೇಕ ಲ್ಯಾಪ್‌ಟಾಪ್‌ಗಳೊಡನೆ ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಬರುತ್ತದೆ. ಹೆಸರು ಕಂಡು ಕನ್ನಡ ಬಾರದೆಂದು ಅಂಜಬೇಡಿ. ಪರದೆಯ ಮೆನುಗಳು ಒಂದೇ ಭಾಷೆಯಲ್ಲಿರುತ್ತವೆ, ಅಷ್ಟೆ. ಕನ್ನಡ ಕೀಲಿಮಣೆಯನ್ನು ಸೇರಿಸಿಕೊಂಡು ಧಾರಾಳವಾಗಿ ಬರೆಯಬಹುದು.

ಪ್ರೊ ಯಾರಿಗೆ ಬೇಕು? ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯಂತಹ ಕಡೆ ಹತ್ತಾರು ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನಿಯಂತ್ರಿಸುವವರಿಗೆ ಬೇಕು. ಕಚೇರಿಯ ಕಂಪ್ಯೂಟರನ್ನು ‘ರಿಮೋಟ್ ಡೆಸ್ಕ್‌ಟಾಪ್’ ಮೂಲಕ ಮನೆಯಿಂದ ತೆರೆಯಬೇಕಾದರೆ ಕಚೇರಿಯ ಯಂತ್ರದಲ್ಲಿ ಪ್ರೊ ಇರಬೇಕು. ಸಂದೇಹವಿದ್ದರೆ ಹೋಮ್‌ನಿಂದಲೇ ಆರಂಭಿಸಿ. ಮುಂದೆ ಹಣ ತೆತ್ತು ಪ್ರೊ ಪಡೆಯಬಹುದು, ಕಡತಗಳು ಹಾಗೆಯೇ ಉಳಿಯುತ್ತವೆ.

ಹಳೆಯ ಯಂತ್ರವಿರುವವರು ಒಂದು ಮಾತು ಗಮನಿಸಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಭದ್ರತಾ ತಿದ್ದುಪಡಿ ಸಿಗದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಅಪಾಯ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಮತ್ತು ‘ಟಿಪಿಎಂ 2.0’ ಎಂಬ ಭದ್ರತಾ ವ್ಯವಸ್ಥೆ ಬೇಕು. ಟಿಪಿಎಂ ಇಲ್ಲದ ಯಂತ್ರಕ್ಕೆ ಉಚಿತವಾದ ಉಬುಂಟು ಹಾಕಿಸಬಹುದು. ಅದರಲ್ಲಿಯೂ ‘ಎಲ್‌ಟಿಎಸ್’ ಎಂದಿರುವುದನ್ನೇ ಆರಿಸಿ, 5 ವರ್ಷ ತಿದ್ದುಪಡಿ ದೊರೆಯುತ್ತದೆ.

ಹಣ ಕೊಡುವ ಮುನ್ನ ರಸೀದಿಯಲ್ಲಿ ಆವೃತ್ತಿಯ ಪೂರ್ಣ ಹೆಸರನ್ನು ಬರೆಸಿಕೊಳ್ಳಿ.